ಬಾಗಿಲ ಮೇಲಿನ ದೀಪದ ಗೂಡು

ನಮ್ಮ ಕರಜಗಿಯ ಗಾಣದ ಕಾಕಾ ಏನು ಕೇಳಿದರೂ ಎಣ್ಣೆಗೈಯನ್ನು ಮೊಣಕಾಲಿಗೆ ಒರೆಸಿಕೊಂಡು, "ಇರ್ಲಿ ಬಿಡ್ರಿ, ಬೇಕಾಗ್ತದ" ಅನ್ನುತ್ತಿದ್ದರು. ಊರೆಲ್ಲ ಕಂದೀಲಿಗೆ ಹೊರಳಿದ ಮೇಲೂ ದೀಪದೆಣ್ಣೆ ಹಿಂಡುತ್ತಲೇ ಇದ್ದರು. ನಿಜಾಮನ ಕೊನೆಯ ವರ್ಷ ಗಡಿ ಮುಚ್ಚಿ ಸೀಮೆಎಣ್ಣೆ ಬರುವುದು ನಿಂತಿತು. ಸುತ್ತಲ ಹಳ್ಳಿಗಳೆಲ್ಲ ಅವರ ಗಾಣಕ್ಕೇ ಬಂದವು, ಕಾಕಾ ಸಾವಕಾರರಾದರು.

ಆ ದುಡ್ಡಿನಲ್ಲಿ ಭೀಮೆಯ ದಂಡೆಗೆ ಧರ್ಮಶಾಲೆ ಕಟ್ಟಿಸಿದರು, ರಜಾಕಾರರಿಗೆ ಹೆದರಿ ಹೊಳೆ ದಾಟುವವರು ತಂಗಲೆಂದು. ಬಾಗಿಲ ಮೇಲೆ ಅವರ ಹೆಸರು ಕೆತ್ತಲು ಬಂದ ಕಲ್ಲುಕುಟಿಗನಿಗೆ, "ಅಲ್ಲೊಂದು ದೀಪದ ಗೂಡು ತೆಗಿಯಪ್ಪ, ಬೇಕಾಗ್ತದ" ಅಂದರು.

ಒಂದು ಮುಸ್ಸಂಜೆ ನಾವೂ ಹೊರಟೆವು. ಹರಗೋಲು ಮೆಲ್ಲಗೆ ಸುತ್ತುತ್ತ ನಡುಹೊಳೆಗೆ ಬಂದಾಗ ಊರು ಮಬ್ಬಿನಲ್ಲಿ ಕರಗಿತ್ತು. ಗೂಡಿನ ದೀಪ ಮಾತ್ರ ಕಣ್ಣೆದುರು ಬಂದು ಬಂದು ಹೋಗುತ್ತಿತ್ತು. ಬಂದಾಗೆಲ್ಲ ಅವ್ವ ಕೈಮುಗಿಯುತ್ತಿದ್ದಳು.