ಅರ್ಧ ಉರಿಯುವ ಓವನ್

ಮದುವೆಯಾಗಿ ನಾನು ಕದ್ರಿಯ ಮನೆಗೆ ಬಂದಾಗ ಬೊಂಬಾಯಿಯಿಂದ ನನ್ನ ಹಿಂದೆಯೇ ಲಾರಿಯಲ್ಲಿ ಬಂದದ್ದು ಎರಡು ಟ್ರಂಕು ಮತ್ತು ಅಮ್ಮನ ಗ್ಯಾಸ್ ಓವನ್. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಅಮ್ಮ ಆಗಲೇ ತೀರಿಕೊಂಡಿದ್ದಳು, ಅವಳದೆಂದು ನನ್ನ ಪಾಲಿಗೆ ಉಳಿದದ್ದು ಅದೊಂದೇ. ಗಂಡನದು ಪೂಜೆಯ ಮನೆತನ. ಮಾವ ಇನ್ನೂ ದೇವಸ್ಥಾನಕ್ಕೆ ಹೋಗುತ್ತಿದ್ದರು, ಗಂಡನಿಗೆ ಆಫೀಸು, ನನಗೆ ಬಲ್ಮಠದ ಒಂದು ಶಾಲೆಯಲ್ಲಿ ಟೀಚರ್ ಕೆಲಸ. ಅಡುಗೆಮನೆ ಮಾತ್ರ ಅತ್ತೆಯದು. ಅಲ್ಲಿ ಅವರ ಸೌದೆ ಒಲೆಯದೇ ದರ್ಬಾರು. ನನ್ನ ಓವನ್ ಎದುರಿನ ಮೂಲೆಯಲ್ಲಿ ಬಾಡಿಗೆಗೆ ಬಂದವರ ಹಾಗೆ ನಿಂತಿತ್ತು.

ಶನಿವಾರ ಮಧ್ಯಾಹ್ನ ಶಾಲೆಯಿಂದ ಬಂದು ಅದರಲ್ಲಿ ಮೊಟ್ಟೆ ಹಾಕದ ಕೇಕು, ಬಿಸ್ಕತ್ತು ಮಾಡುತ್ತಿದ್ದೆ. ಮಾವ ಕೂಡ ಯಾರೂ ನೋಡದಾಗ ಒಂದು ತುಂಡು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಅತ್ತೆ ಒಂದು ಚೂರೂ ಮುಟ್ಟಿದವರಲ್ಲ. "ನಂಗೆ ಬೇಡ ಮಗಾ, ನೀವು ತಿನ್ನಿ" ಎಂದು ತಟ್ಟೆಯನ್ನು ಮೆಲ್ಲಗೆ ಆಚೆ ಸರಿಸುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಓವನ್ ಬೇಡ ಎಂದರೆ ನಾನೂ ಬೇಡ ಎಂದೇ ಕೇಳಿಸುತ್ತಿತ್ತು.

ಮಗಳು ಮಾತು ಕಲಿಯುವ ಹೊತ್ತಿಗೆ ಓವನ್ ಹಟ ಹಿಡಿಯಿತು. ಒಳಗಿನ ತಗಡಿನಲ್ಲಿದ್ದ ಕಿಂಡಿಗೆ ಕಡ್ಡಿ ಗೀರಿ ಹಿಡಿದರೆ ಕೆಳಗಿನ ಬರ್ನರಿನ ಎಡಭಾಗ ಹತ್ತುತ್ತಿತ್ತು, ಬಲಭಾಗ ಕೇಳಿಸದವರ ಹಾಗೆ ಸುಮ್ಮನಿರುತ್ತಿತ್ತು. ಕೇಕು ಒಂದು ಬದಿ ಕರಟಿ, ಇನ್ನೊಂದು ಬದಿ ಹಸಿ ಹಿಟ್ಟು. ಅದೇ ಸಿಲಿಂಡರಿಗೆ ಸ್ಟವ್ ಜೋಡಿಸಿ ನೋಡಿದೆ, ನೀಲಿಯಾಗಿ ಉರಿಯಿತು. ಅಂದರೆ ಗ್ಯಾಸಿನ ತಪ್ಪಲ್ಲ. ರಬ್ಬರ್ ಪೈಪಿಗೆ ಸಾಬೂನು ನೀರು ಹಚ್ಚಿದೆ, ಗುಳ್ಳೆ ಏಳಲಿಲ್ಲ. ಆಮೇಲಾಮೇಲೆ ಎಡಭಾಗವೂ ಕೈಕೊಟ್ಟಿತು.

ಒಂದು ಶನಿವಾರ ಹತ್ತದ ಓವನ್ನಿಗೆ ಕಡ್ಡಿಯ ಮೇಲೆ ಕಡ್ಡಿ ಗೀರುತ್ತಿದ್ದೆ. ಒಳಗೆ ಗ್ಯಾಸ್ ತುಂಬಿದ್ದು ಗೊತ್ತಾಗಲಿಲ್ಲ. ಡಬ್ ಎಂದಿತು. ನನ್ನ ಹಣೆಯ ಕೂದಲು ಸುಟ್ಟು ನಾತ ಹೊಡೆಯಿತು. ನನ್ನ ಸೆರಗು ಹಿಡಿದು ನಿಂತಿದ್ದ ಮಗಳು ಕಿರುಚಿದಳು.

"ಎಂತ ಮಾರಾಯ್ತಿ, ಮನೆ ಸುಡ್ಲಿಕ್ಕೆ ಹೊರಟಿದ್ದೀಯಾ?" ಗಂಡ ಓಡಿ ಬಂದರು. "ನಾಳೆಯೇ ಇದನ್ನು ಗುಜರಿಗೆ ಕೊಡುವ."

"ಅದು ನನ್ನ ಅಮ್ಮನದ್ದು."

"ಗೊತ್ತುಂಟು. ಮಗುವಿಗೆ ಎಂತಾದ್ರೂ ಆದ್ರೆ?"

ನಾನು ಗ್ಯಾಸ್ ಆರಿಸಿ ಮಗಳನ್ನು ಎತ್ತಿಕೊಂಡೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಮರುದಿನ ಗುಜರಿಯವನು ಬರುವ ಮೊದಲು ಕೊನೆಯ ಸಲ ನೋಡೋಣವೆಂದು ಸ್ಕ್ರೂ ಬಿಚ್ಚಿ ತಗಡನ್ನೇ ಎತ್ತಿದೆ. ಕೆಳಗಿನ ಬರ್ನರ್ ಬಿಳಿಯಾಗಿತ್ತು. ತೂತುಗಳೆಲ್ಲ ಸುಣ್ಣ ಮೆತ್ತಿದ ಹಾಗೆ ಮುಚ್ಚಿಹೋಗಿದ್ದವು. ಉಗುರಿನಿಂದ ಕೆರೆದರೆ ಹುಡಿ ಉದುರಿತು.

"ಅತ್ತೆ, ಇದೆಂತದು?"

ಅವರು ಬಗ್ಗಿ ನೋಡಿದರು. "ರಂಗೋಲಿ ಹುಡಿ."

"ಓವನ್ ಒಳಗಾ?"

"ಮತ್ತೆ? ಬೆಂಕಿ ಉರಿಯುವ ಜಾಗ ಅಲ್ವಾ? ಒಲೆಗೆ ಎಳೆ ಹಾಕಿ ಇದನ್ನು ಹಾಗೇ ಬಿಡ್ಲಿಕ್ಕೆ ಆಗ್ತದಾ?"

ದಿನಾ ಬೆಳಿಗ್ಗೆ ನಾವು ಏಳುವ ಮೊದಲೇ ಅವರು ಮಿಂದು, ಮಡಿಯುಟ್ಟು, ಒಲೆ ಸಾರಿಸಿ ರಂಗೋಲಿಯ ಎರಡು ಎಳೆ ಎಳೆಯುತ್ತಿದ್ದರು. ನನಗೆ ಗೊತ್ತಿಲ್ಲದ ಹಾಗೆ ಓವನ್ನಿನ ಬಾಗಿಲು ತೆರೆದು ಒಳಗಿನ ತಗಡಿಗೂ ಎರಡು ಎಳೆ. ಅಡುಗೆ ಮುಗಿದ ಮೇಲೆ ಎರಡನ್ನೂ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದರು. ನಾನು ಆಗ ಶಾಲೆಯಲ್ಲಿ, ರಜೆಯ ದಿನ ಅವರ ಮಡಿ ಮುಗಿಯುವವರೆಗೆ ಅಡುಗೆಮನೆಗೆ ಕಾಲಿಡುತ್ತಿರಲಿಲ್ಲ. ಒರೆಸಿದ ಹುಡಿ ನೀರಿನೊಂದಿಗೆ ಕಿಂಡಿಯಿಂದ ಇಳಿದಿಳಿದು ವರ್ಷಗಟ್ಟಲೆ ಗಟ್ಟಿಯಾಗಿತ್ತು. ಮಡಿಯವರಾದ್ದರಿಂದ ಅದರಲ್ಲಿ ಬೆಂದದ್ದನ್ನು ತಿನ್ನದಿದ್ದರೂ, ನನ್ನ ಅಮ್ಮನ ಓವನ್ನನ್ನು ಅವರು ಮನೆಯ ಒಲೆಯ ಲೆಕ್ಕಕ್ಕೆ ಸೇರಿಸಿ ಎಷ್ಟೋ ಕಾಲವಾಗಿತ್ತು.

 ನನಗದು ಹೊಳೆದ ಹಿಂದೆಯೇ ನಿನ್ನೆಯ ಕಿರುಚಾಟ ನೆನಪಾಗಿ ಸಿಟ್ಟು ನೆತ್ತಿಗೇರಿತು. "ನಿಮ್ಮ ರಂಗೋಲಿಯಿಂದ ನಿನ್ನೆ ಮಗು ಸಾಯ್ತಿತ್ತು" ಎಂದೆ. ಹೇಳಿದ್ದೇನೂ ಸುಳ್ಳಲ್ಲ. ಗ್ಯಾಸಿಗೆ ಭಕ್ತಿ ತಿಳಿಯುತ್ತದೆಯೇ?

"ಹಾಗಾ" ಎಂದರು ಅತ್ತೆ. ಹುಡಿ ತುಂಬಿದ ತೆಂಗಿನ ಗೆರಟೆಯನ್ನು ಕೈಗೆತ್ತಿಕೊಂಡು ಒಲೆಯ ಪಕ್ಕಕ್ಕೆ ಸರಿಸಿಟ್ಟರು.

ಒಂದೊಂದೇ ತೂತಿಗೆ ಸೇಫ್ಟಿ ಪಿನ್ನು ಚುಚ್ಚಿ, ಒರೆಸಿ, ಒಣಗಿಸಿ ಕಡ್ಡಿ ಗೀರಿದಾಗ ಬೆಂಕಿ ಎಡದಿಂದ ಬಲಕ್ಕೆ ಸರಸರನೆ ಓಡಿ ಇಡೀ ಬರ್ನರ್ ನೀಲಿಯಾಯಿತು. ಗಂಡ ಬಗ್ಗಿ ನೋಡಿ, "ಹಾಗಾದ್ರೆ ಇರ್ಲಿ" ಎಂದರು. ಗುಜರಿಯವನನ್ನು ಬಾಗಿಲಿನಿಂದಲೇ ಕಳುಹಿಸಿದೆವು.

ಆಮೇಲೆ ದಿನಾ ಬೆಳಿಗ್ಗೆ ನಾನು ಎದ್ದು ನೋಡತೊಡಗಿದೆ. ಒಲೆಗೆ ಎಳೆ ಇರುತ್ತಿತ್ತು. ಓವನ್ನಿಗೆ ಇರುತ್ತಿರಲಿಲ್ಲ. ಹೊರಗೆ, ನೆಲದ ಮೇಲಾದರೂ ಹಾಕಿ ಎಂದು ಕೇಳಲು ನಾಲಿಗೆ ಏಳಲಿಲ್ಲ. ಕೊನೆಗೊಂದು ದಿನ ತಡೆಯಲಾರದೆ, ಹಾಸಿಗೆಯಿಂದೆದ್ದವಳು ನೇರ ಹೋಗಿ ಗೆರಟೆಯಿಂದ ಒಂದು ಚಿಟಿಕೆ ಹುಡಿ ತೆಗೆದು ಓವನ್ನಿನ ಮುಂದೆ ನೆಲಕ್ಕೆ ಎರಡು ಎಳೆ ಎಳೆದೆ. ಸೊಟ್ಟಗಾಯಿತು.

ಅತ್ತೆ ಹಿಂದೆಯೇ ನಿಂತಿದ್ದರು. "ಮಿಂದಾಯ್ತಾ ನಿನ್ನದು?"

ಸ್ನಾನವಾಗಿರಲಿಲ್ಲ. "ಇಲ್ಲ" ಎಂದೆ.

ಅವರು ಒದ್ದೆ ಬಟ್ಟೆ ತಂದು ಎರಡೂ ಎಳೆಗಳನ್ನು ಒರೆಸಿದರು. ಹೊಸದಾಗಿ ತಾವೇ ಎಳೆಯುತ್ತಾರೆಂದು ನಾನು ಕಾದು ನಿಂತೆ. ಅವರು ಬಟ್ಟೆ ಹಿಂಡಿ ಹಗ್ಗಕ್ಕೆ ಹಾಕಿ, ತಮ್ಮ ಒಲೆಯ ಮುಂದೆ ಕುಳಿತು ಬೆಂಕಿ ಊದತೊಡಗಿದರು.