ಬೀಗರ ಅಂಗಳದಲ್ಲಿ ಲಾರಿಯ ಹೊಗೆ

ಮಗಳ ಮದುವೆಯಾದ ಹೊಸತರಲ್ಲಿ ನಮ್ಮ ಹಳೇ ಲಾರಿ ಕಾಯಿ ತುಂಬಿಕೊಂಡು ಹೋಗುವಾಗ ಬೀಗರ ಮನೆ ಮುಂದಿನ ದಿಬ್ಬದಲ್ಲೇ ನಿಂತುಬಿಟ್ಟಿತು. ಆ ಮನೆಯವರೆಲ್ಲ ಓಡಿಬಂದು ಚಕ್ರಕ್ಕೆ ಕಲ್ಲು ಕೊಟ್ಟರು.

"ಒಂದ್ಜೊತೆ ಎತ್ತು ಕಟ್ಟಿಸ್ಲಾ ಬೀಗಿತ್ತಿ?" ಅಂದರು ಬೀಗರು, ಕ್ಯಾಬಿನ್ನಿನಲ್ಲಿ ಗಂಡನ ಪಕ್ಕ ಕೂತಿದ್ದ ನನ್ನ ಕಡೆ ನೋಡಿ. ಎಲ್ಲರೂ ನಕ್ಕರು. ಬಾಗಿಲಲ್ಲಿ ನಿಂತಿದ್ದ ಮಗಳು ಒಳಗೆ ಹೋದಳು.

ಹಬ್ಬಕ್ಕೆ ಬಂದಾಗ ಹೇಳಿದಳು. ಆ ಮನೆಯಲ್ಲಿ ಅವಳ ಕೈ ಚೂರು ನಿಧಾನವಾದರೆ ಸಾಕು, "ನಿಮ್ಮಪ್ಪನ ಲಾರಿ ಆದ್ಯಲ್ಲೇ" ಅನ್ನುತ್ತಾರಂತೆ. ರೊಟ್ಟಿ ತಟ್ಟುವಾಗಲೂ ಅದೇ, ನೀರು ತರುವಾಗಲೂ ಅದೇ.

ಲಾರಿಗೆ ಜೋರು ಬರಿಸಿ ಅಂತ ನಾನು ಗಂಡನ ಬೆನ್ನು ಬಿದ್ದೆ. ಅವರು ತಿಪಟೂರಿನಿಂದ ಮೆಕಾನಿಕ್ ಸಾಬರನ್ನು ಕರೆತಂದರು. ಜಗಲಿಯ ಮೇಲೆ ಕೂತು ಇಬ್ಬರೂ ಯೋಚನೆ ಹಾಕಿದರು. ಪಿಸ್ಟನ್ ರಿಂಗು ಹೊಸದು, ಡೀಸೆಲ್ ಚಿಮ್ಮಿಸುವ ನಾಜಲ್ ಹೊಸದು. ಆಮೇಲೆ ಎಂಜಿನ್ನಿಗೆ ಗಾಳಿ ನೂಕುವ ಟರ್ಬೊ. ಕೊನೆಗೆ, ಡೀಸೆಲ್ ಜಾಸ್ತಿ ಹೋಗುವ ಹಾಗೆ ಪಂಪು ಏರಿಸುವುದು. ನಾನು ಕಂಬಕ್ಕೆ ಒರಗಿಕೊಂಡು ಕೇಳುತ್ತಿದ್ದೆ. ಟರ್ಬೊ ಯಾವುದೋ ಮುರಿದ ಲಾರಿಯದು ಸಿಗಬೇಕು, ತಡವಾಗುತ್ತದೆ ಅಂದರು.

ಅಷ್ಟರಲ್ಲಿ ಬೀಗರು ತಮ್ಮ ಕೊಬ್ಬರಿಯನ್ನು ಹರಾಜಿಗೆ ಸಾಗಿಸಲು ನಮ್ಮ ಲಾರಿಗೇ ಹೇಳಿಕಳಿಸಿದರು. ನನಗೆ ತಡೆಯಲಾಗಲಿಲ್ಲ.

"ಪಂಪ್ ಈಗ್ಲೇ ಏರಿಸ್ಬುಡಿ. ಟರ್ಬೊ ಬಂದಾಗ ಬರ್ಲಿ," ಅಂದೆ.

"ಗಾಳಿ ಇಲ್ದೆ ಡೀಸೆಲ್ ಬಿಟ್ರೆ ಬರೀ ಹೊಗೆ ಅಕ್ಕ," ಅಂದರು ಸಾಬರು.

"ಹೊಗೆ ಏನ್ ಮಾಡ್ತದೆ? ನಮ್ಮ ಅಟ್ಟದ ಕಾಯಿ ವರ್ಷವೆಲ್ಲ ಒಲೆ ಹೊಗೆ ಕುಡ್ದೇ ಕೊಬ್ಬರಿಯಾಗೋದು."

ಗಂಡ ನಕ್ಕು, "ಅವಳು ಹೇಳ್ದಂಗೆ ಮಾಡು ಮಾರಾಯ, ನನಗೆ ಮನೇಲಿ ಊಟ ಬೇಕು," ಅಂದರು.

ಹೋದೆವು. ಆ ದಿಬ್ಬವನ್ನು ಲಾರಿ ಹೇಗೆ ಹತ್ತಿತು ಅಂದರೆ, ಕ್ಯಾಬಿನ್ನಿನಲ್ಲಿದ್ದ ನಾನು ನೆಟ್ಟಗೆ ಕೂತು ಸೆರಗು ಸರಿಮಾಡಿಕೊಂಡೆ. ಬೀಗರು ಹೊರಗೆ ಬಂದು ನಿಂತಿದ್ದರು. ನನ್ನ ಗಂಡ ಅವರ ಎದುರಿಗೇ ಲಾರಿ ತಿರುಗಿಸಿ, ಆಕ್ಸಿಲೇಟರ್ ಒತ್ತಿ ಹಿಮ್ಮುಖವಾಗಿ ಅಂಗಳಕ್ಕೆ ಏರಿಸಿದರು. ಅಲ್ಲಿ ಚಿಪ್ಪು ಒಡೆದು ತೆಗೆದ ಉಂಡೆ ಕೊಬ್ಬರಿಯನ್ನು ಚಾಪೆಗಳ ಮೇಲೆ ಹರವಿದ್ದರು. ಸೈಲೆನ್ಸರ್ ಬಾಯಿ ಸರಿಯಾಗಿ ಆ ಕಡೆಗಿತ್ತು.

ಹೊಗೆ ಚದುರಿದಾಗ ನೋಡಿದರೆ, ಹತ್ತಿರದ ಚಾಪೆಯ ಕೊಬ್ಬರಿಯೆಲ್ಲ ಕಪ್ಪಾಗಿತ್ತು. ಅಟ್ಟದ ಕಾಯಿಗೆ ಸಿಪ್ಪೆ ಇದೆ, ಚಿಪ್ಪು ಇದೆ. ಇದು ಬೆತ್ತಲೆ ಕೊಬ್ಬರಿ. ಹುಟ್ಟಿದಾಗಿನಿಂದ ಕೊಬ್ಬರಿ ನೋಡಿದ ನನಗೆ ಇಷ್ಟು ಹೊಳೆದಿರಲಿಲ್ಲ.

ಬೀಗಿತ್ತಿ ಹಳೇ ಬಟ್ಟೆ ತಂದು ಕೂತರು. ನಾನೂ ಕೂತೆ. ಮಗಳೂ ಬಂದು ಕೂತಳು. ಕೊಬ್ಬರಿಯ ಮೈಯಲ್ಲಿ ಎಣ್ಣೆ ಇರುತ್ತದಲ್ಲ, ಒರೆಸಿದಷ್ಟೂ ಮಸಿ ಹರಡಿತು. "ಬುಡಿ ಬೀಗಿತ್ತಿ, ಎಣ್ಣೆ ಗಾಣಕ್ಕೆ ಹಾಕಿದ್ರಾಯ್ತು," ಅಂದರು ಆಕೆ. ಬೈದಿದ್ದರೆ ತಿರುಗಿಸಿ ನಾಲ್ಕು ಮಾತಾಡುತ್ತಿದ್ದೆ. ಬೈಯಲಿಲ್ಲ. ನಾನು ತಲೆ ಎತ್ತದೆ ಒರೆಸಿದೆ.

ಮಸಿ ತಾಗದೆ ಒಣಗಿದ್ದಷ್ಟನ್ನು ಚೀಲಕ್ಕೆ ತುಂಬಿ ಲೋಡು ಮಾಡಿದರು. ಈಗ ಲಾರಿ ಸ್ಟಾರ್ಟ್ ಮಾಡಬೇಕು. ಮಾಡಿದರೆ ಮತ್ತೆ ಅದೇ ಹೊಗೆ, ಉಳಿದ ಚಾಪೆಗಳಲ್ಲಿ ಇನ್ನೂ ಒಣಗುತ್ತಿದ್ದ ಕೊಬ್ಬರಿಯ ಮೇಲೆ. ಗಂಡ ಸ್ಟೇರಿಂಗ್ ಹಿಡಿದುಕೊಂಡು ನನ್ನ ಮುಖ ನೋಡಿದರು. ಬೀಗರು ಪಂಚೆ ಎತ್ತಿಕಟ್ಟಿ ಲಾರಿಯ ಹಿಂದೆ ಬಂದರು.

"ನೂಕ್ರಪ್ಪ ಎಲ್ಲಾರೂ. ಎಂಜಿನ್ ಜೋರಾಗೇ ಅದೆ, ಆದ್ರೆ ನಾವೇ ನೂಕಬೇಕು," ಅಂದರು.

ಯಾರೂ ನಗಲಿಲ್ಲ. ಬೀಗರು, ಅಳಿಯ, ಆಳುಗಳು, ನಾನು, ಎಲ್ಲರೂ ಸೇರಿ ತುಂಬಿದ ಲಾರಿಯನ್ನು ದಿಬ್ಬದ ಅಂಚಿನವರೆಗೆ ನೂಕಿದೆವು. ಅಲ್ಲಿಂದ ಇಳಿಜಾರಿನಲ್ಲಿ ಅದೇ ಜಾರಿಕೊಂಡು ಹೋಗಿ, ಕೆಳಗೆ ರಸ್ತೆ ಸೇರಿದ ಮೇಲೆ ಸ್ಟಾರ್ಟ್ ಆಯಿತು. ಹೊಗೆ ಮೇಲೆದ್ದದ್ದು ಮನೆಯಿಂದಲೇ ಕಾಣುತ್ತಿತ್ತು.

ಮಗಳು ನನ್ನ ಜೊತೆ ರಸ್ತೆಯವರೆಗೆ ಬಂದಳು. ಅವಳ ಕೈಯೆಲ್ಲ ಕಪ್ಪು. ನಾನು ಕ್ಯಾಬಿನ್ ಹತ್ತುವಾಗ ಮೆಲ್ಲಗೆ ಅಂದಳು:

"ಮುಂದಿನ್ ಸತಿ ಬಸ್ಸಲ್ಲಿ ಬಾರವ್ವ."

ಆಮೇಲೆ ಟರ್ಬೊ ಸಿಕ್ಕಿತು, ಹೊಗೆ ನಿಂತಿತು. ಲಾರಿ ಆ ದಿಬ್ಬವನ್ನು ಎಷ್ಟೋ ಸಲ ಸಲೀಸಾಗಿ ಹತ್ತಿದೆಯಂತೆ. ನಾನು ನೋಡಿಲ್ಲ. ಮಗಳ ಮನೆಗೆ ನಾನು ನೊಣವಿನಕೆರೆ ಬಸ್ಸಿನಲ್ಲೇ ಹೋಗುತ್ತೇನೆ, ದಿಬ್ಬದ ಕೆಳಗಿಳಿದು ನಡೆದು ಹತ್ತುತ್ತೇನೆ.