ಗಣಪ್ಪನ ತಮ್ಮನ ಹೆಸರು

ಮೊನ್ನೆ ನಾದಿನಿಯ ಮಗಳ ಮದುವೆಗೆ ಬಳೆ ತರಲೆಂದು ಬ್ಯಾಡಗಿಯ ಪೇಟೆಗೆ ಹೋಗಿದ್ದೆ. ಬಳೆಗಾರ ಒಂದು ಡಜನ್ ಹಸಿರು ಗಾಜಿನ ಬಳೆ ಎತ್ತಿ ಕಿವಿಯ ಹತ್ತಿರ ಹಿಡಿದು ಅಲುಗಿಸಿದ. ನಡುವೆ ಒಂದು ಬಿರುಕು ಬಿಟ್ಟಿದ್ದರೂ ಸದ್ದು ಬೇರೆ ಬರುತ್ತದಂತೆ. ಅವನು ಇನ್ನೊಂದು ಡಜನ್ ಎತ್ತಿ ಅಲುಗಿಸುವಷ್ಟರಲ್ಲಿ ನಾನು ಆ ಅಂಗಡಿಯಲ್ಲಿ ಇರಲೇ ಇಲ್ಲ. ರಾಣೆಬೆನ್ನೂರಿನ ನಮ್ಮ ಓಣಿ, ನಮಗೂ ಪಕ್ಕದ ಮನೆಗೂ ನಡುವಿನ ಒಂದೇ ಗೋಡೆ, ಆ ಗೋಡೆಯಾಚೆಯಿಂದ ಬರುತ್ತಿದ್ದ ಇದೇ ಸದ್ದು... ಕಾಕು ಗಂಡನನ್ನು ಊಟಕ್ಕೆ ಕರೆಯುತ್ತಿದ್ದ ಸದ್ದು ಅದು.

ಕಾಕು ನಮಗೆ ಸಂಬಂಧಿಕಳೇನಲ್ಲ. ಓಣಿಯ ಹುಡುಗರಿಗೆಲ್ಲ ಆಕೆ ಕಾಕು, ಆಕೆಯ ಗಂಡ ಕಾಕಾ. ನನ್ನ ಅವ್ವ ಮಾತ್ರ ಆಕೆಯನ್ನು ‘ಮೇಡ್ಲೇರಿ ಯಕ್ಕ’ ಎನ್ನುತ್ತಿದ್ದಳು, ತವರು ಮೇಡ್ಲೇರಿ ಎಂದು. ಅವರಿಗೆ ಮಕ್ಕಳಿರಲಿಲ್ಲ. ಕಾಕಾ ಪೇಟೆಯಲ್ಲಿ ಬೀಜದ ಅಂಗಡಿ ಇಟ್ಟಿದ್ದರು. ಅಂಗಡಿಯ ಬೋರ್ಡಿನ ಮೇಲೆ ಇದ್ದದ್ದು ಅವರ ಅಪ್ಪನ ಹೆಸರು.

ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂದು ಕಾಕುಗೆ ಆಕೆಯ ಅವ್ವ ಹೇಳಿಕೊಟ್ಟಿದ್ದಳು. ಕಾಕು ಅದನ್ನು ಪೂರ್ತಿ ನಂಬಿದ್ದಳು. ಹೆಸರಿಲ್ಲದೆ ಸಂಸಾರ ಹೇಗೆ ನಡೆಯುತ್ತದೆ ಎಂದರೆ, ಚೆನ್ನಾಗಿಯೇ ನಡೆಯುತ್ತಿತ್ತು. ಬಳೆ ಮೆಲ್ಲಗೆ ಅಲುಗಿದರೆ ಊಟ ತಯಾರು, ಜೋರಾಗಿ ಅಲುಗಿದರೆ ರೊಟ್ಟಿ ಆರುತ್ತಿದೆ. ತಂಬಿಗೆಯನ್ನು ಕುಕ್ಕಿ ಇಟ್ಟರೆ ಸಿಟ್ಟು. ಕಾಕಾ ಬಾಗಿಲಲ್ಲಿ ನಿಂತು ಕೆಮ್ಮಿದರೆ ಜೊತೆಗೆ ಯಾರೋ ಬಂದಿದ್ದಾರೆ, ಚಹಾಕ್ಕೆ ಇಡು ಎಂದು ಅರ್ಥ. ಮಾತೇ ಆಡಬೇಕಾಗಿ ಬಂದರೆ ಬೆಕ್ಕು ಇತ್ತಲ್ಲ. ಸಕ್ಕರೆ ತೀರಿದೆ, ತರುವವರು ನೆನಪಿಟ್ಟು ತರಬೇಕು ಎಂದು ಕಾಕು ಬೆಕ್ಕಿಗೆ ಹೇಳುವಳು. ಸಂಜೆಗೆ ಸಕ್ಕರೆ ಬರುವುದು. ಬೆಕ್ಕಿನ ಮೇಲೆ ಇಷ್ಟು ಜವಾಬ್ದಾರಿ ಹೊರಿಸಿದ ಮನೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಾನಾಗ ಕಾಲೇಜಿನ ಹುಡುಗಿ, ಬಾಯಿ ಬೊಂಬಾಯಿ. ಕಾಕಾನ ಹೆಸರು ಹೇಳಿ, ಹೇಳಿ ಎಂದು ಆಕೆಯನ್ನು ಗೋಳು ಹೊಯ್ದುಕೊಳ್ಳುತ್ತಿದ್ದೆ. ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ನಮ್ಮ ಕಡೆ ಮದುವೆಮನೆಯಲ್ಲಿ ಹೆಂಗಸರು ಗಂಡನ ಹೆಸರನ್ನು ಒಡಪು ಹಾಕಿ ಹೇಳುವುದುಂಟು. ಪ್ರಾಸ ಕಟ್ಟಿದ ಸಾಲುಗಳೊಳಗೆ ಹೆಸರು ಸೇರಿಸಿ ಹೇಳಿದರೆ ದೋಷ ತಟ್ಟುವುದಿಲ್ಲ ಎಂದು ನಂಬಿಕೆ. ಕಾಕು ಆ ಹೊತ್ತಿಗೂ ಸಿಗುತ್ತಿರಲಿಲ್ಲ. ಒಡಪಿನ ಮಾತು ಬಂತೆಂದರೆ ನೆಪ ಹೇಳಿ ಅಡಿಗೆಮನೆಗೆ ನುಸುಳಿಬಿಡುತ್ತಿದ್ದಳು.

ಒಂದು ದಿನ ಕಾಕಾ ಕೆಲಸದ ಮೇಲೆ ಹಾವೇರಿಗೆ ಹೋದವರು ಬಸ್‌ಸ್ಟ್ಯಾಂಡಿನಲ್ಲಿ ಕುಸಿದುಬಿದ್ದರು. ಯಾರೋ ಪುಣ್ಯಾತ್ಮರು ಅವರನ್ನು ಆಸ್ಪತ್ರೆಗೆ ಸೇರಿಸಿ, ಕಿಸೆಯಲ್ಲಿದ್ದ ನಂಬರಿಗೆ ಫೋನ್ ಮಾಡಿದರು. ಅದು ನಮ್ಮ ಮನೆಯ ನಂಬರು. ಅಪ್ಪ ಊರಲ್ಲಿ ಇರಲಿಲ್ಲ. ಅವ್ವ, ನಾನು, ಕಾಕು ಸಿಕ್ಕ ಬಸ್ಸು ಹತ್ತಿದೆವು.

ಲಕ್ವ ಹೊಡೆದು ಕಾಕಾನ ಬಲಗಡೆಯೆಲ್ಲ ಬಿದ್ದುಹೋಗಿತ್ತು. ಕಣ್ಣು ಮುಚ್ಚಿದ್ದವು. ನರ್ಸ್ ಬಂದು ರೋಗಿಯ ಹೆಸರು ಕೇಳಿದಳು. ಕಾಕು ನನ್ನ ಮುಖ ನೋಡಿದಳು. ನನಗೆಲ್ಲಿ ಗೊತ್ತು? ಅವ್ವನಿಗೂ ಅವರು ಬೀಜದಂಗಡಿಯವರಷ್ಟೇ. ಆಗ ಆಕೆ ತಲೆ ತಗ್ಗಿಸಿ, ಗಣಪ್ಪನ ತಮ್ಮನ ಹೆಸರು ಎಂದಳು. ಷಣ್ಮುಖಪ್ಪನೇ ಎಂದು ನರ್ಸ್ ಕೇಳಿದಳು. ಕಾಕು ಗದ್ದ ಮೇಲೆತ್ತಿದಳು. ನರ್ಸ್ ಹಾಗೆಯೇ ಬರೆದುಕೊಂಡು ಹೋದಳು.

ಮರುದಿನ ಬೆಳಗ್ಗೆ ಡಾಕ್ಟರು ಬಂದರು. ಒಳ್ಳೆಯ ಮನುಷ್ಯ. ಕಾಕಾನ ಭುಜ ತಟ್ಟಿ, ಕಿವಿಯ ಹತ್ತಿರ ಬಗ್ಗಿ, ಷಣ್ಮುಖಪ್ಪಾ, ಷಣ್ಮುಖಪ್ಪಾ, ಕಣ್ಣು ಬಿಡ್ರಿ ಎಂದು ಮತ್ತೆ ಮತ್ತೆ ಕರೆದರು. ಕಾಕಾ ಅಲುಗಲಿಲ್ಲ. ತಮ್ಮ ಹೆಸರಿನ ಗುರುತೂ ಅವರಿಗೆ ಸಿಗುತ್ತಿಲ್ಲ, ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಎಂದು ನಮಗೆ ಹೇಳಿ ಪಕ್ಕದ ಮಂಚಕ್ಕೆ ಹೋದರು. ನನ್ನ ಕಣ್ಣಲ್ಲಿ ನೀರು ಬಂತು. ಕಾಕು ಮಾತ್ರ ನನ್ನ ಮಣಿಕಟ್ಟು ಹಿಡಿದು ಮೂಲೆಗೆ ಎಳೆದಳು.

“ಆ ಹೆಸರು ಅವರದಲ್ಲ, ಯವ್ವಾ.”

“ಮತ್ತ ನಿನ್ನೆ ಹೂಂ ಅಂದ್ರಲ್ಲ, ಕಾಕು?”

“ನಾ ಎಲ್ಲಿ ಹೂಂ ಅಂದೆ? ಲೊಚ್ ಅಂದೆ.”

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಗದ್ದ ಎತ್ತಿ ನಾಲಿಗೆಯಿಂದ ಲೊಚ್ ಎಂದರೆ ನಮ್ಮಲ್ಲಿ ‘ಅಲ್ಲ’ ಎಂದು ಅರ್ಥ. ಸೆರಗು ಬಾಯಿಗೆ ಅಡ್ಡವಿತ್ತು, ಲೊಚ್ ಎಂದದ್ದು ಯಾರಿಗೂ ಕೇಳಿಸಲಿಲ್ಲ. ಎತ್ತಿದ ಗದ್ದ ಮಾತ್ರ ಕಂಡಿತ್ತು. ಗಣಪ್ಪನ ತಮ್ಮನಿಗೆ ಏನು ಕಡಿಮೆ ಹೆಸರುಗಳೇ? ನಿನ್ನೆಯಿಂದ ಆಸ್ಪತ್ರೆಯವರೆಲ್ಲ ಕಾಕಾನನ್ನು ಇನ್ನೊಬ್ಬರ ಹೆಸರಿನಿಂದ ಕರೆಯುತ್ತಿದ್ದರು.

ಹಾಗಾದರೆ ಖರೇ ಹೆಸರು ಹೇಳಿ, ಡಾಕ್ಟರಿಗೆ ನಾನು ಹೇಳುತ್ತೇನೆ ಎಂದೆ. ಕಾಕು ತುಟಿ ಬಿಗಿದಳು. ಇಂಥ ಹೊತ್ತಿನಲ್ಲೂ ಇದೇನು ಹಟ ಎಂದು ನನಗೆ ಸಿಟ್ಟೇ ಬಂತು. ಆಮೇಲೆ ಆಕೆ ತಗ್ಗಿದ ದನಿಯಲ್ಲಿ, “ಮೊದಲ ಹಿಂಗ ಮಲಗ್ಯಾರ. ನಾ ಹೆಸರು ಹೇಳಿ, ಇದ್ದದ್ದೂ ಕಮ್ಮಿ ಆತಂದ್ರ?” ಎಂದಳು. ನನ್ನ ಸಿಟ್ಟು ಅಲ್ಲೇ ಇಳಿಯಿತು. ಆಕೆಯ ಪಾಲಿಗೆ ಅದು ಹಟವಲ್ಲ. ಗಂಡನ ಜೀವ ಆಕೆಯ ನಾಲಿಗೆಯ ತುದಿಯಲ್ಲಿತ್ತು, ಹೇಳಿದರೂ ಭಯ, ಹೇಳದಿದ್ದರೂ ಭಯ.

ದಾರಿ ತೋರಿಸಿದವಳು ನನ್ನ ಅವ್ವ. “ಒಡಪು ಹಾಕಿ ಹೇಳ್ರಿ, ಯಕ್ಕಾ. ಒಡಪಿನ್ಯಾಗ ದೋಷಿಲ್ಲ,” ಎಂದಳು.

ಕಾಕು ಮಂಚದ ಹತ್ತಿರ ಹೋದಳು. ಸೆರಗು ಸರಿಮಾಡಿಕೊಂಡಳು. ವಾರ್ಡಿನ ಹೆಂಗಸರೆಲ್ಲ ಇವಳತ್ತ ತಿರುಗಿದ್ದರು. ಮದುವೆಯ ದಿನ ಹೊಸ್ತಿಲಲ್ಲಿ ತಡೆದು ಆಕೆಯಿಂದ ಹೇಳಿಸಿದ್ದ ಒಡಪೇ ಅದು ಎಂದು ಆಮೇಲೆ ತಿಳಿಯಿತು. ಆಕೆ ಗಂಡನ ಕಿವಿಗೆ ಬಗ್ಗಿ, ಆದರೆ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

“ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕ ಚೆಂದ,
ಹಾವೇರಿ ಯಾಲಕ್ಕಿ ಮಾಲಿ ಕೊರಳಿಗೆ ಚೆಂದ,
ನಮ್ಮ ............ರು ನಕ್ಕರ ಮನಿಗೆ ಚೆಂದ.”

ಹೆಸರಿನ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ಅದು ಆಕೆಯ ಸೊತ್ತು, ಬರೆಯಲು ನನಗೆ ಕೈ ಬರುವುದಿಲ್ಲ.

ಕಾಕಾ ಕಣ್ಣು ಬಿಟ್ಟರು. ಮೊದಲು ಛಾವಣಿ ನೋಡಿದರು, ಆಮೇಲೆ ಆಕೆಯನ್ನು. ಬಾಯಿಯ ಎಡತುದಿ ಮೆಲ್ಲಗೆ ಮೇಲಕ್ಕೆ ಹೋಯಿತು. ಅರ್ಧ ಮುಖದ ನಗು. ಎದುರು ಮಂಚದ ಮುದುಕಿ ಚಪ್ಪಾಳೆ ತಟ್ಟಿದಳು. ಡಾಕ್ಟರು ಓಡಿಬಂದು ಯಾವ ಹೆಸರು, ಇನ್ನೊಮ್ಮೆ ಹೇಳಿ ಎಂದರು. ಅಷ್ಟರಲ್ಲಿ ಕಾಕು ನಾಚಿಕೊಂಡು ವರಾಂಡ ಸೇರಿದ್ದಳು. ಬರೆಸಿದ್ದು ಅವ್ವ.

ಕಾಕಾ ಬದುಕಿದರು. ಕೋಲು ಹಿಡಿದು ನಡೆದಾಡಿದರು, ಮಾತು ಮಾತ್ರ ಮರಳಲಿಲ್ಲ. ನೋಡಲು ಬಂದವರು ಅಯ್ಯೋ ಪಾಪ ಎನ್ನುತ್ತಿದ್ದರು. ಪಾಪವೇನೂ ಇರಲಿಲ್ಲ. ಅದೇ ಬಳೆ, ಅದೇ ತಂಬಿಗೆ, ಅದೇ ಕೆಮ್ಮು, ಬೆಕ್ಕು ಮಾತ್ರ ಹೊಸದು. ನಾನು ಮದುವೆಯಾಗಿ ಹಾವೇರಿಗೆ ಬಂದೆ. ಗಂಡನನ್ನು ಹೆಸರು ಹಿಡಿದೇ ಕರೆಯುತ್ತೇನೆ. ಎಷ್ಟು ಕರೆದರೂ ಒಂದು ಸಲವೂ ಓಗೊಡುವುದಿಲ್ಲ, ಆ ಮಾತು ಬೇರೆ.

ಕಾಕಾ ತೀರಿಹೋದ ಮೇಲೆ ಒಮ್ಮೆ ಕಾಕುವನ್ನು ನೋಡಲು ಹೋಗಿದ್ದೆ. ಮಾತಿನ ನಡುವೆ ಆಕೆ ಕಾಕಾನ ಹೆಸರನ್ನು ಸಲೀಸಾಗಿ ಹೇಳಿಬಿಟ್ಟಳು. ಒಡಪಿಲ್ಲ, ಸೆರಗು ಅಡ್ಡವಿಲ್ಲ. ನಾನು ಬೆಚ್ಚಿದ್ದನ್ನು ಕಂಡು ಹೇಳಿದಳು: “ಈಗ ಹೇಳಿದ್ರ ಕಮ್ಮಿ ಆಗಾಕ ಏನೂ ಉಳದಿಲ್ಲ, ಯವ್ವಾ.” ಆಕೆಯ ಕೈ ಹಿಡಿದುಕೊಂಡು ಕುಳಿತೆ...

ಕಾಕುವೂ ಈಗ ಇಲ್ಲ. ಮೊನ್ನೆ ಬ್ಯಾಡಗಿಯಿಂದ ಬಂದವಳೇ ಅವ್ವನಿಗೆ ಫೋನ್ ಮಾಡಿದೆ. ಕಾಕುವಿನ ಬಗ್ಗೆ ನಾಲ್ಕು ಸಾಲು ಬರೆಯಬೇಕೆನಿಸಿದೆ, ಆಕೆಯ ಹೆಸರೇನು ಎಂದು ಕೇಳಿದೆ. ಅವ್ವ ನೆನಪಿದ್ದದ್ದನ್ನೆಲ್ಲ ಹೇಳತೊಡಗಿದಳು. ಮೇಡ್ಲೇರಿ ಯಕ್ಕ, ಬೀಜದಂಗಡಿಯಾಕಿ... ಅದರಾಚೆ ಅವ್ವನಿಗೂ ಗೊತ್ತಿರಲಿಲ್ಲ. ಅಣ್ಣನನ್ನು ಕೇಳಿದೆ. ಓಣಿಯ ಹಳಬರನ್ನು ವಿಚಾರಿಸಿದೆ. ಯಾರ ಬಾಯಲ್ಲೂ ಬರಲಿಲ್ಲ. ಇಷ್ಟು ಪ್ರೀತಿಸಿದವಳನ್ನು ನಾನು ಅಂದು ಮತ್ತೊಮ್ಮೆ ಕಳೆದುಕೊಂಡೆ.

ಮಾರನೆಯ ದಿನ ಅವ್ವನೇ ಫೋನ್ ಮಾಡಿದಳು. ರಾತ್ರಿಯೆಲ್ಲ ಅದನ್ನೇ ಯೋಚಿಸಿದ್ದಳೆಂದು ಕಾಣುತ್ತದೆ.

“ಕಾಕಾಗ ಗೊತ್ತಿತ್ತು, ಯವ್ವಾ,” ಎಂದಳು. “ಆದ್ರ ಅವರೂ ಹೆಸರ ಹಿಡದು ಎಂದೂ ಕರೀಲಿಲ್ಲ ನೋಡು.”